ಮೊದಲು ಹೊಲಕ್ಕೆ, ಆಮೇಲೆ ಮೊಬೈಲ್ ಅಂಗಡಿಗೆ

ಹೆಸರು ಹೂ ಬಿಟ್ಟಿದ್ದ ಹೊತ್ತು. ಗದಗ ಸೀಮೆಯ ಡಂಬಳದ ನಮ್ಮ ಕಾಕಾ ನಡುಮಧ್ಯಾಹ್ನ ಬದುವಿನ ಮೇಲೆ ನಿಂತು, ತಲೆಗೆ ಸುತ್ತಿದ ಟವೆಲ್ಲನ್ನು ಹಣೆಯ ಮುಂದಕ್ಕೆ ಎಳೆದುಕೊಂಡು, ಆ ಅಂಗೈಯಗಲದ ನೆರಳಿನಲ್ಲಿ ಮೊಬೈಲ್ ನೋಡುತ್ತಿದ್ದರು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದ ಫೋಟೋ ಏರಿಸಬೇಕಿತ್ತು. ಪರದೆಯ ಮೇಲೆ ಅಕ್ಷರದ ಬದಲು ಅವರ ಮುಖವೇ ಕಾಣುತ್ತಿತ್ತು.

“ಕ್ಯಾಮೆರಾ ಭಾರಿ ಐತಿ ಅಂದ್ರು, ತಗೊಂಡ್ನಿ ತಮ್ಮಾ. ಇಲ್ಲಿ ಬಂದ್ರ ಪರದೆ ಕಾಣವಲ್ದು, ರೇಂಜ್ ಸಿಗವಲ್ದು, ಮುಂಜಾನೆ ಮಾಡಿದ ಚಾರ್ಜ್ ಮಧ್ಯಾಹ್ನಕ್ಕ ಖಾಲಿ,” ಅಂದರು.

ಮೂರೂ ದೂರುಗಳು ನಿಜ. ಆದರೆ ಕೊಳ್ಳುವಾಗ ಈ ಮೂರರ ಬಗ್ಗೆ ಒಂದು ಪ್ರಶ್ನೆಯನ್ನೂ ಕಾಕಾ ಕೇಳಿರಲಿಲ್ಲ, ಅಂಗಡಿಯವರೂ ಹೇಳಿರಲಿಲ್ಲ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿದ್ದದ್ದು 108 ಮೆಗಾಪಿಕ್ಸೆಲ್ ಎಂಬ ಒಂದೇ ಮಾತು. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಾವು ಹದಿನೈದು ಸಾವಿರದ ಮೊಬೈಲನ್ನು ಹತ್ತು ನಿಮಿಷದಲ್ಲಿ ಜೇಬಿಗೆ ಹಾಕಿಕೊಂಡು ಬರುತ್ತೇವೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಮೊಬೈಲ್ ಕೊಳ್ಳುವ ಕೆಲಸ ಅಂಗಡಿಯಲ್ಲಿ ಶುರುವಾಗಬಾರದು. ಅದನ್ನು ಹಿಡಿದು ನೀವು ದಿನವೂ ಎಲ್ಲಿ ನಿಲ್ಲುತ್ತೀರೋ, ಆ ಹೊಲದಲ್ಲಿ, ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗಬೇಕು.

ರೇಂಜ್: ಮೊದಲು ನೋಡಬೇಕಾದ್ದು

ಡಂಬಳದಲ್ಲಿ ಊರೊಳಗೆ ಸಿಗ್ನಲ್ ತುಂಬಿದ್ದರೂ ಕಪ್ಪತಗುಡ್ಡದ ಬುಡದ ಹೊಲಗಳಿಗೆ ಹೋದರೆ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ರೇಡಿಯೊ ತರಂಗಕ್ಕೆ ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಆದ್ದರಿಂದ ಹೊಸ ಫೋನಿನ ಯೋಚನೆ ಬಂದ ದಿನವೇ ಹಳೆಯ ಫೋನ್ ಹಿಡಿದು ಹೊಲಕ್ಕೆ ಹೋಗಿ. ಸೆಟ್ಟಿಂಗ್ಸ್ ತೆರೆದು ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ಒತ್ತಿ. ಅಲ್ಲಿ ಸಿಗ್ನಲ್ ಶಕ್ತಿ ಎಂದು ಮೈನಸ್ ಗುರುತಿನ ಒಂದು ಸಂಖ್ಯೆ ಇರುತ್ತದೆ. 4ಜಿಯಲ್ಲಿ ಅದು ಮೈನಸ್ 85ರ ಆಸುಪಾಸು ಇದ್ದರೆ ಸೊಗಸು, ಮೈನಸ್ 100 ಇದ್ದರೆ ನಡೆಯುತ್ತದೆ, ಮೈನಸ್ 115 ದಾಟಿದರೆ ಮಾತು ತುಂಡು ತುಂಡಾಗುತ್ತದೆ. ಸಂಖ್ಯೆ ಹತ್ತು ಇಳಿದರೆ ಸಿಗ್ನಲ್ ಹತ್ತು ಪಟ್ಟು ಕಡಿಮೆಯಾಯಿತು ಎಂದರ್ಥ. ಪಕ್ಕದ ಹೊಲದವರ ಬೇರೆ ಕಂಪನಿಯ ಸಿಮ್‌ನಲ್ಲೂ ಇದನ್ನೇ ನೋಡಿ. ತೊಂದರೆ ಫೋನಿನದಲ್ಲ, ಸಿಮ್ಮಿನದು ಎಂದು ಗೊತ್ತಾದರೆ ಹೊಸ ಫೋನಿನ ಖರ್ಚೇ ಉಳಿಯಬಹುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಸೂಚನೆಯ ಮೇರೆಗೆ ಎಲ್ಲ ಕಂಪನಿಗಳೂ 2025ರಿಂದ ತಮ್ಮ ಸಿಗ್ನಲ್ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಿವೆ, ಅದನ್ನೂ ನೋಡಬಹುದು. ಆದರೂ ಬದುವಿನ ಮೇಲೆ ನಿಂತು ನೋಡಿದ್ದೇ ಖಾತ್ರಿ.

ಎರಡನೆಯದು ಬ್ಯಾಂಡ್. ಟವರ್ ಕಳಿಸುವ ತರಂಗಗಳೆಲ್ಲ ಒಂದೇ ಅಳತೆಯವಲ್ಲ. 700 ಮೆಗಾಹರ್ಟ್ಸ್‌ನ ಒಂದು ಅಲೆ ಹೆಚ್ಚುಕಡಿಮೆ ಒಂದು ಮೊಳ ಉದ್ದ. 5ಜಿಯಲ್ಲಿ ಹೆಚ್ಚು ಬಳಸುವ 3500 ಮೆಗಾಹರ್ಟ್ಸ್‌ನ ಅಲೆ ನಾಲ್ಕು ಬೆರಳಿನಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ಉದ್ದದ ಅಲೆ ದೂರ ಹೋಗುತ್ತದೆ, ಗಿಡಗಂಟಿ ಗೋಡೆಗಳನ್ನು ಅಷ್ಟಿಷ್ಟು ದಾಟುತ್ತದೆ. ಗಿಡ್ಡ ಅಲೆ ಹೆಚ್ಚು ನೆಟ್ ಹೊತ್ತು ತರುತ್ತದೆ, ಆದರೆ ಬೇಗ ಸೋಲುತ್ತದೆ. ಹಳ್ಳಿಯವರಿಗೆ ಬೇಕಾದದ್ದು ಮೊದಲು ಉದ್ದದ ಅಲೆ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 28, ಜಿಯೋ 4ಜಿಗೆ 850 ಅಂದರೆ ಬ್ಯಾಂಡ್ 5, ಏರ್‌ಟೆಲ್‌ಗೆ 900 ಅಂದರೆ ಬ್ಯಾಂಡ್ 8. ಕೊಳ್ಳುವ ಮಾದರಿಯ ವಿವರಪಟ್ಟಿಯಲ್ಲಿ ನಿಮ್ಮ ಸಿಮ್ಮಿಗೆ ಬೇಕಾದ ಬ್ಯಾಂಡ್ ಇದೆಯೇ ಎಂದು ಕೇಳಿ ನೋಡಿಸಿಕೊಳ್ಳಿ. ಹೊರದೇಶದಿಂದ ಯಾರೋ ತಂದುಕೊಟ್ಟ ಫೋನಿನಲ್ಲಿ ಇದು ತಪ್ಪಿಹೋಗುವುದುಂಟು.

5ಜಿ ಬೇಕೇ? ಭಾರತದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. ನಾಲ್ಕೈದು ವರ್ಷ ಬಳಸುವ ಫೋನಾದರೆ ಇರಲಿ. ಆದರೆ ಅದಕ್ಕಾಗಿ ಬ್ಯಾಟರಿಯನ್ನೋ ಪರದೆಯನ್ನೋ ಬಿಟ್ಟುಕೊಡಬೇಡಿ. ಕಲ್ಲುಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಯಲ್ಲಿ ಇರುವವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ವೈಫೈ ಕಾಲಿಂಗ್ ಇದೆಯೇ? ಮನೆಯಲ್ಲಿ ವೈಫೈ ಇದ್ದರೆ, ಟವರ್ ಸಿಗದ ಒಳಕೋಣೆಯಿಂದಲೂ ಮಾತಾಡಬಹುದು.

ಪರದೆ: ಬಿಸಿಲಿಗೆ ಒಯ್ದು ನೋಡಿ

ಅಂಗಡಿಯ ಬೆಳಕಿನಲ್ಲಿ ಎಲ್ಲ ಪರದೆಗಳೂ ಚೆಂದ. ಪರದೆಯ ಬೆಳಕನ್ನು ‘ನಿಟ್ಸ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. 400–500 ನಿಟ್ಸ್ ಮನೆಯೊಳಗೆ ಸಾಕು, ಬಯಲಿನಲ್ಲಿ ಸಾಲದು. 800, 1000 ಇದ್ದರೆ ಬಿಸಿಲಿನಲ್ಲೂ ಓದಬಹುದು. ಜಾಹೀರಾತಿನಲ್ಲಿ ಕಾಣುವ ‘ಪೀಕ್’ ಸಂಖ್ಯೆ ಪರದೆಯ ಒಂದು ಸಣ್ಣ ಭಾಗ ಒಂದು ಕ್ಷಣ ಬೆಳಗುವ ಲೆಕ್ಕ. ಇಡೀ ಪರದೆ ಬಿಸಿಲಿನಲ್ಲಿ ಎಷ್ಟು ಬೆಳಗುತ್ತದೆ ಎಂಬುದು ನಮಗೆ ಬೇಕಾದ ಸಂಖ್ಯೆ. ಅದು ಸಿಗದಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಅಂಗಡಿಯವರನ್ನು ಕೇಳಿ, ಡೆಮೊ ಫೋನ್ ಹಿಡಿದು ಬಾಗಿಲ ಹೊರಗೆ ಬಿಸಿಲಿಗೆ ಬನ್ನಿ. ಬೆಳಕನ್ನು ಪೂರ್ತಿ ಏರಿಸಿ, ಒಂದು ಕನ್ನಡ ಸುದ್ದಿ ತೆರೆಯಿರಿ. ಸೂರ್ಯನಿಗೆ ಬೆನ್ನು ಮಾಡಿ ಒಮ್ಮೆ, ಮುಖ ಮಾಡಿ ಒಮ್ಮೆ ಓದಿ. ಕಣ್ಣು ಕಿರಿದು ಮಾಡದೆ ಓದಲು ಬಂದರೆ ಆ ಪರದೆ ನಿಮ್ಮ ಹೊಲಕ್ಕೆ ತಕ್ಕದ್ದು.

ಅದೇ ಹೊತ್ತಿನಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿ. ಕೆಲವು ಫೋನುಗಳಲ್ಲಿ ಕನ್ನಡದ ಒತ್ತಕ್ಷರಗಳು ದೊಡ್ಡದಾದ ಕೂಡಲೇ ಸಾಲಿನ ಕೆಳಗೆ ಕತ್ತರಿಸಿಹೋಗುತ್ತವೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಕರೆ ಮಾಡುವ ಮತ್ತು ಸಂದೇಶ ಬರೆಯುವ ಪುಟಗಳನ್ನು ತೆರೆಯಿರಿ. ವಯಸ್ಸಾದವರಿಗೆ ಕೊಡಿಸುವ ಫೋನಾದರೆ ಈ ಪರೀಕ್ಷೆ ತಪ್ಪಿಸಬೇಡಿ.

ಚಾರ್ಜ್: ತೊಟ್ಟಿ ದೊಡ್ಡದಿದ್ದರೆ ಸಾಲದು

ಎಂಎಎಚ್ ಎಂದರೆ ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ಈಗ 5000 ಎಂಎಎಚ್ ಸಾಮಾನ್ಯ. ಅದಕ್ಕಿಂತ ಕಡಿಮೆಯದನ್ನು ಹಳ್ಳಿಯ ಬಳಕೆಗೆ ನಾನು ಹೇಳುವುದಿಲ್ಲ. ಆದರೆ ತೊಟ್ಟಿ ಎಷ್ಟೇ ದೊಡ್ಡದಿರಲಿ, ಕೆಳಗೆ ತೂತಿದ್ದರೆ ನಿಲ್ಲುವುದಿಲ್ಲ. ಆ ತೂತು ಬಹಳ ಸಲ ರೇಂಜೇ. ಟವರ್ ದೂರವಿದ್ದಾಗ ಫೋನ್ ಗಟ್ಟಿಯಾಗಿ ಕೂಗಬೇಕು. ಸಿಗ್ನಲ್ ತೀರ ಹೋದಾಗ ಟವರ್ ಹುಡುಕುತ್ತಲೇ ಇರಬೇಕು. ಅದಕ್ಕೆಲ್ಲ ಬ್ಯಾಟರಿಯೇ ಗತಿ. ಕಾಕಾನ ಚಾರ್ಜ್ ಮಧ್ಯಾಹ್ನಕ್ಕೆ ಮುಗಿಯಲು ಬಹುಪಾಲು ಇದೇ ಕಾರಣ. ರೇಂಜ್ ಇಲ್ಲದ ಹೊಲದಲ್ಲಿ ಇಡೀ ದಿನ ಕೆಲಸವಿದ್ದರೆ ಏರ್‌ಪ್ಲೇನ್ ಮೋಡ್ ಹಾಕಿ, ಬೇಕೆಂದಾಗ ತೆಗೆದರೆ ಸಂಜೆಯವರೆಗೂ ಚಾರ್ಜ್ ಉಳಿಯುತ್ತದೆ.

ವ್ಯಾಟ್ ಎಂದರೆ ತೊಟ್ಟಿ ತುಂಬುವ ಪೈಪಿನ ಗಾತ್ರ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ವಿದ್ಯುತ್ ಹಿಡಿಯುತ್ತದೆ. 10 ವ್ಯಾಟಿನ ಚಾರ್ಜರಿಗೆ ಅದನ್ನು ತುಂಬಲು ಎರಡೂವರೆ ತಾಸು ಬೇಕಾದರೆ, 33 ವ್ಯಾಟಿನದು ತಾಸು ತಾಸೂಕಾಲಿನಲ್ಲಿ ಮುಗಿಸುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ ಇದು ದೊಡ್ಡ ಅನುಕೂಲ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಎಂದು ಮೊದಲೇ ಕೇಳಿ. ಈಗ ಬಹಳ ಕಂಪನಿಗಳು ಕೇಬಲ್ ಮಾತ್ರ ಕೊಡುತ್ತವೆ.

ಬ್ಯಾಟರಿಯ ವೈರಿ ಶಾಖ. ಆ್ಯಪಲ್ ಕಂಪನಿ ತನ್ನ ಐಫೋನನ್ನು 0ಯಿಂದ 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಲು ಹೇಳುತ್ತದೆ. ಬೇರೆ ಕಂಪನಿಗಳ ಲಿಥಿಯಂ ಬ್ಯಾಟರಿಗಳ ಗುಣವೂ ಅದೇ. ಗದಗ ಸೀಮೆಯ ಏಪ್ರಿಲ್ ಬಿಸಿಲು ಆ ಗೆರೆಯನ್ನು ದಾಟಿಯೇ ಇರುತ್ತದೆ. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬೈಕಿನ ಟ್ಯಾಂಕ್ ಕವರಿನಲ್ಲಿ ಫೋನ್ ಇಡಬೇಡಿ. ಬಿಸಿಯಾದ ಫೋನನ್ನು ಆರಲು ಬಿಟ್ಟು ಚಾರ್ಜ್ ಹಾಕಿ. ಪೂರ್ತಿ ಖಾಲಿ ಮಾಡದೆ, ಇಡೀ ರಾತ್ರಿ ಹಾಸಿಗೆಯ ಮೇಲೆ ಚಾರ್ಜಿಗೆ ಬಿಡದೆ ಬಳಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಹ್ಯಾಂಗ್ ಆಗುವುದೇಕೆ?

ರ್ಯಾಮ್ ಎಂದರೆ ಒಕ್ಕುವ ಕಣ, ಸ್ಟೋರೇಜ್ ಎಂದರೆ ಕಾಳು ಇಡುವ ಹಗೇವು. ಕಣ ಸಣ್ಣದಿದ್ದರೆ ಒಂದು ರಾಶಿ ತೆಗೆಯದೆ ಇನ್ನೊಂದು ಹಾಕಲು ಜಾಗವಿಲ್ಲ. ವಾಟ್ಸ್ಆ್ಯಪ್‌ನಿಂದ ಫೋನ್‌ಪೇಗೆ ಹೋಗಿ ಬರುವಷ್ಟರಲ್ಲಿ ಹಿಂದಿನದು ಮೊದಲಿನಿಂದ ತೆರೆದುಕೊಳ್ಳುವುದು ಅದಕ್ಕೇ. ಇವತ್ತಿಗೆ 6 ಜಿಬಿ ರ್ಯಾಮ್ ನೆಮ್ಮದಿಯ ಅಳತೆ, 4 ಜಿಬಿ ಕನಿಷ್ಠ. ‘8 ಜಿಬಿ + 8 ಜಿಬಿ’ ಎಂದು ಬರೆದಿದ್ದರೆ ಎರಡನೆಯ 8 ನಿಜವಾದ ರ್ಯಾಮ್ ಅಲ್ಲ. ಹಗೇವಿನ ಒಂದು ಮೂಲೆಯನ್ನು ಕಣವೆಂದು ಬಳಸುವ ಉಪಾಯ ಅದು, ಕೆಲಸ ನಿಧಾನ.

ಸ್ಟೋರೇಜ್ 128 ಜಿಬಿ ಇರಲಿ. ಫೋನಿನ ಸ್ವಂತ ತಂತ್ರಾಂಶವೇ ಹದಿನೈದಿಪ್ಪತ್ತು ಜಿಬಿ ತಿನ್ನುತ್ತದೆ. ಮದುವೆಯ ವಿಡಿಯೊ, ಊರ ಗುಂಪಿನ ಫಾರ್ವರ್ಡುಗಳು ಉಳಿದದ್ದನ್ನು ತುಂಬುತ್ತವೆ. ತುಂಬಿದ ಹಗೇವಿನಲ್ಲಿ ಕೈಯಾಡಿಸಲು ಬಾರದು, ಫೋನ್ ಹ್ಯಾಂಗ್ ಆಗುತ್ತದೆ. ಸ್ಟೋರೇಜ್ ಯಾವ ಜಾತಿಯದು ಎಂಬುದನ್ನೂ ಕೇಳಿ: ‘ಇಎಂಎಂಸಿ’ ಹಳೆಯ, ನಿಧಾನದ ಬಗೆ, ‘ಯುಎಫ್ಎಸ್’ ಅದಕ್ಕಿಂತ ಬಹಳ ಚುರುಕು. ಬೆಲೆಯಲ್ಲಿ ಸಾವಿರದಷ್ಟು ವ್ಯತ್ಯಾಸವಿದ್ದರೂ ಯುಎಫ್ಎಸ್ ಇರುವುದನ್ನೇ ಆರಿಸಿ.

ಕ್ಯಾಮೆರಾ, ಜಿಪಿಎಸ್, ಬೆರಳಚ್ಚು

ನಮ್ಮ ಕಡೆ ಫೋನ್ ಈಗ ಸರಕಾರದ ಕೆಲಸದ ಸಾಧನವೂ ಹೌದು. 2020ರಿಂದ ಕರ್ನಾಟಕದಲ್ಲಿ ರೈತರೇ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡಬಹುದು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಈ ದಾಖಲೆ ಬೇಕು. ಆ್ಯಪ್ ನಿಮ್ಮ ಸರ್ವೆ ನಂಬರಿನೊಳಗೆ ನೀವು ನಿಂತಿದ್ದೀರೋ ಇಲ್ಲವೋ ಎಂದು ಜಿಪಿಎಸ್‌ನಿಂದ ನೋಡಿ ಫೋಟೋ ತೆಗೆಸಿಕೊಳ್ಳುತ್ತದೆ. ಜಿಪಿಎಸ್ ಮಂದವಾದ ಫೋನ್ ನಿಮ್ಮನ್ನು ಪಕ್ಕದವರ ಹೊಲದಲ್ಲಿ ನಿಲ್ಲಿಸಬಹುದು. ವಿವರಪಟ್ಟಿಯಲ್ಲಿ ‘ಎಲ್1, ಎಲ್5’ ಎಂದು ಎರಡು ತರಂಗಗಳ ಹೆಸರಿದ್ದರೆ ಜಾಗ ಹೆಚ್ಚು ಕರಾರುವಾಕ್ಕಾಗಿ ಸಿಗುತ್ತದೆ. ಅಂಗಡಿಯ ಹೊರಗೆ ಬಯಲಿನಲ್ಲಿ ನಿಂತು ನಕ್ಷೆ ತೆರೆದು, ನೀಲಿ ಚುಕ್ಕೆ ಎಷ್ಟು ಬೇಗ ನಿಮ್ಮ ಕಾಲಬುಡಕ್ಕೆ ಬರುತ್ತದೆ ನೋಡಿ.

ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿನ ಚುಕ್ಕೆಗಳ ಎಣಿಕೆ ಮಾತ್ರ. ಬೆಳಕು ಹಿಡಿಯುವ ಸೆನ್ಸರ್ ಸಣ್ಣದಿದ್ದರೆ ಚುಕ್ಕೆ ಎಷ್ಟಿದ್ದರೂ ಮುಸ್ಸಂಜೆಯ ಫೋಟೋ ಮಬ್ಬೇ. ಹಿಂದೆ ಮೂರು ಕಣ್ಣು ಕಂಡರೆ ಮರುಳಾಗಬೇಡಿ. ಅಗ್ಗದ ಫೋನುಗಳಲ್ಲಿ 2 ಮೆಗಾಪಿಕ್ಸೆಲ್‌ನ ಎರಡನೆಯ, ಮೂರನೆಯ ಕಣ್ಣು ಲೆಕ್ಕಕ್ಕೆ ಮಾತ್ರ. ರೈತರಿಗೆ ಬೇಕಾದ ಪರೀಕ್ಷೆ ಬೇರೆ: ಒಂದು ಮೆಣಸಿನ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಗೇಣಿನಷ್ಟು ಹತ್ತಿರದಿಂದ ಅದರ ಫೋಟೋ ತೆಗೆದು ಹಿಗ್ಗಿಸಿ. ಎಲೆಯ ನರ, ಅದರ ಹಿಂದಿನ ಸಣ್ಣ ಹುಳು ಸ್ಪಷ್ಟವಾಗಿ ಕಂಡರೆ ಕೃಷಿ ಅಧಿಕಾರಿಗೆ ಕಳಿಸಿ ಔಷಧ ಕೇಳಲು ಆ ಕ್ಯಾಮೆರಾ ಸಾಕು.

ಕಳೆ ತೆಗೆದು, ಕಲ್ಲು ಎತ್ತಿ ಸವೆದ ಬೆರಳಿನ ಗೆರೆಗಳನ್ನು ಅನೇಕ ಫೋನುಗಳು ಗುರುತಿಸುವುದಿಲ್ಲ. ಕೊಳ್ಳುವವರ ಬೆರಳನ್ನೇ ಡೆಮೊ ಫೋನಿಗೆ ಇಟ್ಟು ನೋಡಿ, ಮಗನ ಬೆರಳನ್ನಲ್ಲ. ಪಿಎಂ ಕಿಸಾನ್ ಆ್ಯಪ್‌ನಲ್ಲಿ 2023ರಿಂದ ಮುಖ ತೋರಿಸಿ ಇ-ಕೆವೈಸಿ ಮಾಡುವ ಸೌಲಭ್ಯವಿದೆ. ಮುಂದಿನ ಕ್ಯಾಮೆರಾ ಹದವಾಗಿದ್ದರೆ ಅದಕ್ಕೂ ಆಯಿತು.

ಧೂಳು, ಮಳೆ, ಆಯುಷ್ಯ

ರಾಶಿ ಮಾಡುವಾಗಿನ ಹೊಟ್ಟು, ಎರಿ ಮಣ್ಣಿನ ನುಣ್ಣನೆಯ ಧೂಳು ಚಾರ್ಜಿಂಗ್ ಕಿಂಡಿಯಲ್ಲಿ ಕೂತು ಗಟ್ಟಿಯಾಗುತ್ತವೆ. ‘ಐಪಿ’ ಎಂದು ಶುರುವಾಗುವ ಗುರುತಿನಲ್ಲಿ ಮೊದಲ ಅಂಕಿ ಧೂಳಿನದು, 6 ಅಂದರೆ ಪೂರ್ತಿ ತಡೆ. ಎರಡನೆಯದು ನೀರಿನದು. ಐಪಿ54 ಇದ್ದರೆ ಮಳೆಯ ಹನಿ ತಡೆಯುತ್ತದೆ, ಐಪಿ67 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು. ಆದರೂ ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ನೆನಪಿರಲಿ.

ಫೋನಿನ ಆಯುಷ್ಯವನ್ನು ಅಳೆಯುವ ಇನ್ನೊಂದು ಲೆಕ್ಕ ಅಪ್‌ಡೇಟ್. ಹಣ ಕದಿಯುವವರು ದಿನವೂ ಹೊಸ ಕಂಡಿ ಹುಡುಕುತ್ತಾರೆ. ಕಂಪನಿ ಕಳಿಸುವ ಭದ್ರತಾ ಅಪ್‌ಡೇಟ್ ಆ ಕಂಡಿ ಮುಚ್ಚುತ್ತದೆ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಎಸ್24ರಿಂದ ದುಬಾರಿ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಎರಡರಿಂದ ಆರು ವರ್ಷದವರೆಗೂ ವ್ಯತ್ಯಾಸವಿದೆ. ಈ ವರ್ಷಗಳನ್ನು ಎಣಿಸುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಮುದ್ರಿಸಿರುತ್ತದೆ. ಎರಡು ವರ್ಷ ಕೂತ ಸರಕು ಅಗ್ಗವೆಂದು ಕೊಂಡರೆ ಅಪ್‌ಡೇಟಿನ ಅರ್ಧ ಆಯುಷ್ಯವೇ ಹೋಗಿರಬಹುದು. ಬೆಲೆಯನ್ನು ಬಾಳುವ ವರ್ಷಗಳಿಂದ ಭಾಗಿಸಿ: ಎರಡು ವರ್ಷದ 9,000ದ ಫೋನಿಗಿಂತ ಐದು ವರ್ಷದ 15,000ದ ಫೋನ್ ಅಗ್ಗ. ಆ ಕಂಪನಿಯ ಸರ್ವಿಸ್ ಸೆಂಟರ್ ಗದಗಿನಲ್ಲಿದೆಯೋ, ಹುಬ್ಬಳ್ಳಿಗೇ ಹೋಗಬೇಕೋ ಎಂಬುದೂ ಬೆಲೆಯ ಭಾಗವೇ. ಡಂಬಳದಿಂದ ಹುಬ್ಬಳ್ಳಿಗೆ ಹೋಗಿಬಂದರೆ ಒಂದು ದಿನದ ದುಡಿಮೆ ಹೋಯಿತು.

ಎಲ್ಲರಿಗೂ ದೊಡ್ಡ ಫೋನ್ ಬೇಕಿಲ್ಲ

ಅಮ್ಮ, ಆಯಿ ಮಾತಾಡಲು ಮಾತ್ರ ಬಳಸುವುದಾದರೆ ಕೀಪ್ಯಾಡ್ ಫೋನ್ ಸಾಕು. ವಾರದ ಚಾರ್ಜ್, ಗಟ್ಟಿ ದನಿ, ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿ. ಒಂದು ಎಚ್ಚರಿಕೆ: ಜಿಯೋಗೆ 2ಜಿ ಜಾಲವೇ ಇಲ್ಲ. ಆ ಸಿಮ್ ಇದ್ದರೆ 4ಜಿ ಕೀಪ್ಯಾಡ್ ಫೋನನ್ನೇ ಕೊಳ್ಳಬೇಕು. ನೆಟ್ ಇಲ್ಲದ ಫೋನಿನಿಂದಲೂ ಹಣ ಕಳಿಸುವ ‘ಯುಪಿಐ 123ಪೇ’ ಸೌಲಭ್ಯ 2022ರ ಮಾರ್ಚಿನಿಂದ ಇದೆ.

ದುಡ್ಡು ಎಣಿಸುವ ಮುನ್ನ

ಬಿಲ್ ಇಲ್ಲದೆ ಫೋನ್ ಬೇಡ. 2020ರ ಏಪ್ರಿಲ್‌ನಿಂದ ಮೊಬೈಲಿಗೆ ಜಿಎಸ್‌ಟಿ ಶೇ 18. ಅಂದರೆ 11,800 ರೂಪಾಯಿ ಕೊಟ್ಟರೆ ಅದರಲ್ಲಿ 1,800 ತೆರಿಗೆ. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎನ್ನುವ ಮಾತು ಹುಟ್ಟುವುದು ಅಲ್ಲಿಂದಲೇ. ಒಪ್ಪಬೇಡಿ. ವಾರಂಟಿಗೂ, ಕಳುವಾದರೆ ಪೊಲೀಸ್ ದೂರಿಗೂ, ಗ್ರಾಹಕರ ಆಯೋಗಕ್ಕೂ ಆ ಚೀಟಿಯೇ ಆಧಾರ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿನ ಶುಲ್ಕವಿಲ್ಲ.

ಡಬ್ಬಿ ಒಡೆದ ಕೂಡಲೇ *#06# ಒತ್ತಿ. ಬರುವ 15 ಅಂಕಿಗಳ ಐಎಂಇಐ ಸಂಖ್ಯೆ ಡಬ್ಬಿಯ ಮೇಲಿನದಕ್ಕೂ ಬಿಲ್ಲಿನ ಮೇಲಿನದಕ್ಕೂ ಹೊಂದಬೇಕು. ಹಳೆಯ ಫೋನ್ ಕೊಳ್ಳುವುದಾದರೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಸಂದೇಶ ಕಳಿಸಿ. ಸರಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲೂ ನೋಡಬಹುದು. ಕಳುವಿನದೆಂದು ತಡೆದ ಫೋನಾಗಿದ್ದರೆ ಅಲ್ಲೇ ತಿಳಿಯುತ್ತದೆ. ಮಾರುವವರ ಗೂಗಲ್ ಖಾತೆಯನ್ನು ನಿಮ್ಮೆದುರಿಗೇ ತೆಗೆಸಿ, ರೀಸೆಟ್ ಮಾಡಿಸಿ. ಕಂತು ಬಾಕಿ ಇರುವ ಫೋನಾದರೆ ಸಾಲ ಕೊಟ್ಟವರು ದೂರದಿಂದಲೇ ಲಾಕ್ ಮಾಡಬಹುದು, ಕಂತು ತೀರಿದ ಪತ್ರ ಕೇಳಿ.

ಬಡ್ಡಿ ಇಲ್ಲದ ಕಂತು ಎನ್ನುತ್ತಾರಲ್ಲ, ಅದನ್ನೂ ಲೆಕ್ಕ ಹಾಕಿ. 15,000ದ ಫೋನಿಗೆ ನಗದು ಕೊಟ್ಟರೆ 1,000 ಬಿಡುತ್ತಾರೆ ಎನ್ನಿ, 14,000. ಕಂತಿನಲ್ಲಿ ಆ ರಿಯಾಯಿತಿ ಇಲ್ಲ. ಮೇಲೆ 300 ರೂಪಾಯಿ ಪ್ರೊಸೆಸಿಂಗ್ ಶುಲ್ಕ, ಅದಕ್ಕೆ 54 ರೂಪಾಯಿ ಜಿಎಸ್‌ಟಿ. ಒಟ್ಟು 15,354. ಬಡ್ಡಿ ಎಂಬ ಹೆಸರಿಲ್ಲದೆ 1,354 ಹೋಯಿತು. ಕಂತು ತಪ್ಪಿದರೆ ದಂಡ ಬೇರೆ.

ಈ ಸಲ ಕಾಕಾನ ಜೊತೆ ಗದಗಿಗೆ ನಾನೂ ಹೋದೆ. ಅವರ ಅಂಗಿಯ ಜೇಬಿನಲ್ಲಿ ಒಂದು ಚೀಟಿ, ಒಂದು ಮೆಣಸಿನ ಎಲೆ. ಚೀಟಿಯಲ್ಲಿ ಹೊಲದ ಸಿಗ್ನಲ್ ಸಂಖ್ಯೆ, ಬೇಕಾದ ಬ್ಯಾಂಡ್, ಎಷ್ಟು ವರ್ಷದ ಅಪ್‌ಡೇಟ್ ಎಂಬ ಪ್ರಶ್ನೆ. ಮೂರು ಫೋನುಗಳನ್ನು ಒಂದೊಂದಾಗಿ ಬಾಗಿಲ ಹೊರಗೆ ಬಿಸಿಲಿಗೆ ಒಯ್ದು ಓದಿ ನೋಡಿದರು. ಅಂಗಡಿಯ ಹುಡುಗ ಬೇಸರಿಸಲಿಲ್ಲ, “ನೋಡ್ರಿ ಕಾಕಾ, ಆರಾಮ ನೋಡ್ರಿ” ಎಂದು ತಾನೇ ಬೆಳಕು ಏರಿಸಿಕೊಟ್ಟ. ಕಾಕಾ ಆರಿಸಿದ್ದು ಕಪಾಟಿನ ಮುಂದಿನ ಸಾಲಿನದಲ್ಲ, ಮಧ್ಯದ ಬೆಲೆಯದು, 50 ಮೆಗಾಪಿಕ್ಸೆಲ್‌ನದು.

ಹಿಂಗಾರಿನಲ್ಲಿ ಕಡಲೆ ಬಿತ್ತಿದ ಮೇಲೆ ಒಂದು ಮಧ್ಯಾಹ್ನ ಅವರಿಂದ ಫೋಟೋ ಬಂತು. ಬದುವಿನಿಂದ ಬದುವಿನವರೆಗೆ ಹಸಿರು ಸಾಲು. ಹಿಂದೆಯೇ ಕರೆ: “ಸಮೀಕ್ಷೆ ಆತು ತಮ್ಮಾ. ಹೊಲದಾಗ ನಿಂತ ಮಾತಾಡಾಕತ್ತೇನಿ, ಕೇಳಸ್ತೈತಿ?” ದನಿ ಒಂದೂ ತುಂಡಾಗದೆ ಕೇಳಿಸಿತು.